ಮಾಬಮ್ಮನ ಗೋಣಿತಟ್ಟು

ಈ ಏಪ್ರಿಲ್‌ನಲ್ಲಿ ಒಂದು ಮಧ್ಯಾಹ್ನ ರಾಯಚೂರಿನ ತೀನ್ ಕಂದೀಲ್ ವೃತ್ತದ ಹತ್ತಿರ ಕಬ್ಬಿನ ಹಾಲು ಕುಡಿಯಲು ನಿಂತಿದ್ದೆ. ಅಂಗಡಿಯವನು ಮಂಜುಗಡ್ಡೆಗೆ ಹೊದಿಸಿದ್ದ ಗೋಣಿತಟ್ಟಿನ ಮೇಲೆ ಒಂದು ಚೊಂಬು ನೀರು ಸುರಿದ. ಸೆಣಬು, ಧೂಳು, ನೀರು ಮೂರೂ ಕೂಡಿದ ಆ ಮುಗ್ಗಲು ವಾಸನೆ ಮೂಗಿಗೆ ಬಡಿದದ್ದೇ ತಡ, ಕೈಯಲ್ಲಿದ್ದ ಗ್ಲಾಸನ್ನು ಅರ್ಧಕ್ಕೆ ಇಟ್ಟುಬಿಟ್ಟೆ. ನಿಂಬೆಹಣ್ಣು ಜಾಸ್ತಿ ಆಯಿತೇನು ಎಂದು ಅವನು ಕೇಳಿದ. ಇಲ್ಲ, ಚೆನ್ನಾಗಿದೆ ಎಂದೆ. ಚೆನ್ನಾಗಿದ್ದರೆ ಯಾಕೆ ಬಿಟ್ಟು ಹೋಗುತ್ತಿದ್ದೇನೆ ಎಂದು ಅವನಿಗೆ ತಿಳಿಯಲಿಲ್ಲ, ಹೇಳುವ ಹಾಗೆ ನನಗೂ ಇರಲಿಲ್ಲ. ಆರು ವರ್ಷದ ಹಿಂದಿನ ಒಂದು ಬೇಸಿಗೆ ಎದೆಯಲ್ಲಿ ಗಿರಗಿರ ತಿರುಗತೊಡಗಿತ್ತು.

ಮೊದಲೇ ಹೇಳಿಬಿಡುತ್ತೇನೆ, ನಾನು ಕೂತಲ್ಲಿ ಕೂಡುವವಳಲ್ಲ. ಮಾನ್ವಿಯ ನಮ್ಮ ಮನೆಯಲ್ಲಿ ಅಪ್ಪ ಪೂಜೆಗೆ ಕೂತರೆ ಎರಡು ತಾಸು ಅಲುಗುವುದಿಲ್ಲ. ಸಂಸ್ಕೃತದ ಮೇಷ್ಟ್ರಾಗಿ ನಿವೃತ್ತರಾದವರು, ಕೂಡುವುದೇ ಅವರ ಕಸುಬು. ನಾನು ಮಂಗಳಾರತಿಗೆ ಒಂದು ನಿಮಿಷ ನಿಲ್ಲುವಷ್ಟರಲ್ಲಿ ಮೂರು ಸಲ ಗಡಿಯಾರ ನೋಡಿರುತ್ತೇನೆ. ಬಸ್ಸಿನಲ್ಲಿ ಸೀಟು ಸಿಕ್ಕರೂ ಎದ್ದು ಬಾಗಿಲಿಗೆ ಬಂದು ನಿಲ್ಲುತ್ತೇನೆ. ಮಾನ್ವಿ–ರಾಯಚೂರು ದಾರಿಯ ಕಂಡಕ್ಟರುಗಳಿಗೆಲ್ಲ ನನ್ನ ಈ ಚಾಳಿ ಗೊತ್ತು. ಇಂಥವಳು ರಾಯಚೂರಿನ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಾ, ಪಿಎಚ್‌ಡಿಗೆಂದು ಆರಿಸಿಕೊಂಡದ್ದು ಉಸಿರು ಬಿಟ್ಟರೂ ಕೆಟ್ಟುಹೋಗುವ ಕೆಲಸ.

ಕೆಲಸ ಇಷ್ಟೇ. ಕಣ್ಣಿಗೆ ಕಾಣದಷ್ಟು ಸಣ್ಣ ಎರಡು ಗಾಜಿನ ಗುಂಡುಗಳನ್ನು ಒಂದಕ್ಕೊಂದು ತಾಗಿಸಬೇಕು, ಆಮೇಲೆ ಮೆಲ್ಲಗೆ ಎಳೆದು ಬಿಡಿಸಬೇಕು. ಅವು ಬಿಡುವುದಿಲ್ಲ. ಅಂಟು ಇಲ್ಲ, ದಾರ ಇಲ್ಲ, ಆದರೂ ಕ್ಷಣಕಾಲ ಒಂದನ್ನೊಂದು ಹಿಡಿದುಕೊಂಡಿರುತ್ತವೆ. ಹಿಟ್ಟು ಜರಡಿಗೆ ಮೆತ್ತುವುದು, ಧೂಳು ಗೋಡೆಗೆ ಹತ್ತುವುದು ಎಲ್ಲ ಇದೇ ಹಿಡಿತದಿಂದ. ಆ ಹಿಡಿತ ಎಷ್ಟು ಎಂದು ಅಳೆಯುವುದು ನನ್ನ ವಿಷಯ. ಸೊಳ್ಳೆಯ ತೂಕದ ನೂರನೇ ಪಾಲಿಗಿಂತಲೂ ಕಡಿಮೆ. ಇದಕ್ಕೆ ದೊಡ್ಡ ಊರುಗಳಲ್ಲಿ ದೊಡ್ಡ ಯಂತ್ರಗಳಿವೆ. ನಮ್ಮಲ್ಲಿ ಇದ್ದದ್ದು ಒಂದು ಹಳೆಯ ಸೂಕ್ಷ್ಮದರ್ಶಕ, ಅದರ ಕಣ್ಣಿಗೆ ಕಟ್ಟಿದ ನನ್ನ ಮೊಬೈಲು, ಮತ್ತು ಸ್ಪಿರಿಟ್ ದೀಪದಲ್ಲಿ ಕಾಯಿಸಿ ಎಳೆದ ಗಾಜಿನ ಎಳೆ. ಕೂದಲಿಗಿಂತ ತೆಳುವಾದ ಆ ಎಳೆಯ ತುದಿಗೆ ಒಂದು ಗುಂಡು, ಕೆಳಗಿನ ಗಾಜಿನ ಮೇಲೆ ಇನ್ನೊಂದು. ಎಳೆ ಎಷ್ಟು ಬಾಗಿದ ಮೇಲೆ ಗುಂಡುಗಳು ಬಿಡುತ್ತವೆ ಎಂದು ನೋಡಿದರೆ, ಹಿಡಿತದ ಲೆಕ್ಕ ಸಿಗುತ್ತದೆ.

ಎಂಟು ವರ್ಷದಿಂದ ಇದೇ ಹಾಡು. ಎರಡು ಸಲ ಅವಧಿ ವಿಸ್ತರಣೆ ಆಗಿತ್ತು. ಆ ವರ್ಷದ ದಸರೆಯೊಳಗೆ ಪ್ರಬಂಧ ಒಪ್ಪಿಸದಿದ್ದರೆ ನೋಂದಣಿ ರದ್ದು ಎಂದು ವಿಶ್ವವಿದ್ಯಾಲಯದಿಂದ ಪತ್ರ ಬಂದಿತ್ತು. ಬರೆಯಲು ಉಳಿದದ್ದು ಒಂದೇ ಅಧ್ಯಾಯ, ಅದಕ್ಕೆ ಬೇಕಾದದ್ದು ನಂಬುವಂಥ ಅಂಕಿ. ಫೆಬ್ರವರಿಯಿಂದ ಪ್ರಯೋಗಾಲಯದ ಹಿಂದಿನ ಸಾಮಾನು ಕೋಣೆಯಲ್ಲಿ ಬೀಡುಬಿಟ್ಟೆ. ಫ್ಯಾನು ಹಾಕುವಂತಿಲ್ಲ, ಗಾಳಿ ಆಡಿದರೆ ಎಳೆ ನಡುಗುತ್ತದೆ. ಎರಡು ಕಿಟಕಿಗಳಿಗೂ ಕಬ್ಬಿಣದ ಸಣ್ಣ ಜಾಲಿ, ಅದಕ್ಕೆ ಹಳೆಯ ರಟ್ಟು ಅಡ್ಡ. ರಾಯಚೂರಿನ ಬೇಸಿಗೆಯಲ್ಲಿ ಫ್ಯಾನಿಲ್ಲದ ಮುಚ್ಚಿದ ಕೋಣೆ ಹೇಗಿರುತ್ತದೆ ಎಂದು ಆ ಸೀಮೆಯವರಿಗೆ ಹೇಳಬೇಕಾಗಿಲ್ಲ, ಬೇರೆಯವರಿಗೆ ಹೇಳಿದರೂ ಗೊತ್ತಾಗುವುದಿಲ್ಲ.

ಆ ಕೋಣೆಯಲ್ಲಿ ನನ್ನ ಜೊತೆ ಇದ್ದವರು ಮಾಬಮ್ಮ. ಹೆಸರು ಮಹಬೂಬ್ ಬೀ, ಊರೆಲ್ಲ ಕರೆಯುವುದು ಮಾಬಮ್ಮ. ಪ್ರಯೋಗಾಲಯದ ಅಟೆಂಡರ್, ನಿವೃತ್ತಿಗೆ ಒಂದು ವರ್ಷ ಬಾಕಿ. ಮನೆತನದ ಕಸುಬು ಕಣ್ಣಿಗೆ ಹಚ್ಚುವ ಸುರ್ಮಾ ಪುಡಿ ಅರೆಯುವುದು. ಬಜಾರಿನ ಒಂದು ಸಣ್ಣ ಅಂಗಡಿಯಲ್ಲಿ ಅವರ ತಾಯಿಯ ಕಾಲದಿಂದಲೂ ಸುರ್ಮಾ, ಅತ್ತರು ಮಾರುತ್ತಾರೆ. ಸಂಜೆ ಕಾಲೇಜು ಬಿಟ್ಟ ಮೇಲೆ ಮಾಬಮ್ಮ ಅಲ್ಲಿ ಕೂತು ಬಂದವರ ಕಣ್ಣಿಗೆ ಸುರ್ಮಾ ಹಚ್ಚುತ್ತಿದ್ದರು. ಕಣ್ಣೊಳಗೆ ಕಡ್ಡಿ ಆಡಿಸುವ ಕೈ ಅದು, ನಡುಗಿದರೆ ನಡೆಯುವುದಿಲ್ಲ.

ನನಗೆ ಒಂದು ಗುಂಡನ್ನು ಬೇರೆ ಮಾಡಿ ಎಳೆಯ ತುದಿಗೆ ಕೂಡಿಸಲು ಅರ್ಧ ದಿನ ಬೇಕಾಗುತ್ತಿತ್ತು, ಅದೂ ಕೂಡಿದರೆ. ಸೂಜಿ, ಚಿಮ್ಮಟ, ಬ್ರಷ್ಷು ಎಲ್ಲ ಮಾಡಿ ನೋಡಿದೆ. ಮೂಲೆಯ ಸ್ಟೂಲಿನ ಮೇಲೆ ಕೂತು ಎರಡು ವಾರ ಈ ಒದ್ದಾಟ ನೋಡಿದ ಮಾಬಮ್ಮ ಒಂದು ದಿನ ಎದ್ದು ಬಂದರು. ತಮ್ಮ ಕಣ್ಣಿನ ಒಂದು ರೆಪ್ಪೆಕೂದಲನ್ನು ಪಟ್ ಎಂದು ಕಿತ್ತು, ಊದುಬತ್ತಿ ಕಡ್ಡಿಯ ತುದಿಗೆ ಮೇಣದಿಂದ ಅಂಟಿಸಿ, ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರು. ನನ್ನ ಚಹಾ ಆರುವ ಮೊದಲು ಗುಂಡು ಎಳೆಯ ತುದಿಯಲ್ಲಿ ಕೂತಿತ್ತು. “ಉಸುರು ತಗೊಂಡ್ ಮ್ಯಾಲ ಅಲ್ರೀ, ಬಿಟ್ಟ ಮ್ಯಾಲ ಕೈ ಆಡಿಸಬೇಕು. ಮುಂದಿನ ಉಸುರು ಬರೂದ್ರಾಗ ಕೆಲಸ ಮುಗೀಬೇಕು,” ಎಂದರು. ನಾನು ಅವತ್ತಿನಿಂದ ಆ ಕೆಲಸವನ್ನು ಪೂರ್ತಿ ಅವರಿಗೇ ಬಿಟ್ಟೆ, ಕಲಿಯುವ ಗೋಜಿಗೆ ಹೋಗಲಿಲ್ಲ. ಕಲಿಯಲು ಪುರುಸೊತ್ತು ಎಲ್ಲಿತ್ತು, ದಸರೆ ಮುಂದೆ ನಿಂತಿತ್ತಲ್ಲ.

ಗುಂಡು ಕೂತರೂ ಅಂಕಿ ಕೂಡಲಿಲ್ಲ. ಒಂದು ಎಳೆತಕ್ಕೆ ಹತ್ತು ಬಂದರೆ ಇನ್ನೊಂದಕ್ಕೆ ಎಂಬತ್ತು, ಮತ್ತೊಂದಕ್ಕೆ ಏನೂ ಇಲ್ಲ. ಕೆಲವು ಸಲ ಎರಡು ಗುಂಡುಗಳು ತಾಗುವ ಮೊದಲೇ ಒಂದು ಸಿಡಿದು ಎಲ್ಲಿಗೋ ಹಾರಿಹೋಗುತ್ತಿತ್ತು. ಮಾರ್ಚ್ ಪೂರ್ತಿ ಹೀಗೇ. ನಾನು ಕೋಣೆಯಲ್ಲಿ ಅಡ್ಡಾಡುತ್ತಿದ್ದೆ, ನಾನು ಅಡ್ಡಾಡಿದರೆ ಮೇಜು ಅಲುಗುತ್ತಿತ್ತು, ಮೇಜು ಅಲುಗಿದರೆ ಎಳೆ ನಡುಗುತ್ತಿತ್ತು. “ಜರಾ ದಮ್ ಹಿಡೀರಿ ಮೇಡಮ್ರೀ,” ಎನ್ನುತ್ತಿದ್ದರು ಮಾಬಮ್ಮ. ನನಗೆ ರೇಗುತ್ತಿತ್ತು. ಮನೆಗೆ ಹೋದರೆ ಅಪ್ಪನೂ ಅದನ್ನೇ ಬೇರೆ ಮಾತಿನಲ್ಲಿ ಹೇಳುತ್ತಿದ್ದರು.

ಯುಗಾದಿ ಮುಗಿದ ವಾರ ಒಂದು ಬೆಳಿಗ್ಗೆ ಕೋಣೆಗೆ ಬಂದರೆ ಎರಡು ಕಿಟಕಿಗಳಿಗೂ ತೋಯಿಸಿದ ಗೋಣಿತಟ್ಟು ಕಟ್ಟಿತ್ತು. ರಟ್ಟುಗಳನ್ನು ತೆಗೆದು ಒಳಗಿನಿಂದ ಜಾಲಿಗೆ ಬಿಗಿದಿದ್ದರು. ಕೆಳಗೆ ಒಂದೊಂದು ಬಕೀಟು. ಕೋಣೆ ತಂಪಾಗಿತ್ತು. ಸೆಣಬಿನ ವಾಸನೆ ಗಪ್ಪೆಂದು ತುಂಬಿತ್ತು. ಮಾಬಮ್ಮ ಏನೋ ಹೇಳಲು ಬಾಯಿ ತೆರೆದರು, ಪುಡಿ ಎಂದೋ ಗುಂಡು ಎಂದೋ ಶುರು ಮಾಡಿದರು. ನಾನು ಅಷ್ಟಕ್ಕೇ ತಡೆದೆ. ಒಳ್ಳೇದಾಯ್ತು, ಸೆಕೆಗೆ ಜೀವ ಹೋಗ್ತಿತ್ತು, ಇರಲಿ ಬಿಡ್ರಿ ಎಂದು ಮೊಬೈಲು ಕಟ್ಟಲು ಕೂತೆ. ನನ್ನ ಕಷ್ಟ ನೋಡಲಾಗದೆ ಪಾಪ ಇಷ್ಟು ಮಾಡಿದ್ದಾರೆ ಎಂದುಕೊಂಡೆ. ಆ ‘ಪಾಪ’ ಎನ್ನುವ ಮಾತು ನೆನಪಾದರೆ ಈಗ ನಾಚಿಕೆಯಾಗುತ್ತದೆ.

ಅವತ್ತೇ ಅಂಕಿ ಸರಿಹೋಯಿತು. ಇಪ್ಪತ್ತು ಸಲ ಎಳೆದರೆ ಇಪ್ಪತ್ತೂ ಹತ್ತಿರ ಹತ್ತಿರ. ಮರುದಿನವೂ ಅಷ್ಟೇ. ವಾರ ಕಳೆದರೂ ಅಷ್ಟೇ. ನನ್ನ ಕೈಗೆ ಕೆಲಸ ಹತ್ತಿತು, ಎಂಟು ವರ್ಷದ ಅಭ್ಯಾಸ ಕೊನೆಗೆ ಫಲ ಕೊಟ್ಟಿತು ಎಂದು ನಂಬಿದೆ. ಮನುಷ್ಯ ತನಗೆ ಬೇಕಾದದ್ದನ್ನು ಎಷ್ಟು ಬೇಗ ನಂಬುತ್ತಾನೆ. ಗೈಡ್ ಸರ್‌ಗೆ ಅಂಕಿ ಕಳಿಸಿದೆ. ಅವರು ಫೋನ್ ಮಾಡಿ ಎರಡು ಸಲ “ಭೇಷ್” ಎಂದರು, ಎಂಟು ವರ್ಷದಲ್ಲಿ ಮೊದಲ ಸಲ. ಗುಂಡುಗಳ ಸಹಜ ಸೆಳೆತ ಇಷ್ಟು ಚೆನ್ನಾಗಿ ಕೈಯಿಂದ ಅಳೆದವರು ಕಡಿಮೆ, ವಿಭಾಗದಲ್ಲಿ ಎಲ್ಲರಿಗೂ ಹೇಳಿದ್ದೇನೆ, ಮೊದಲ ಪುಟದಲ್ಲೇ ಇದನ್ನು ಬರಿ ಎಂದರು. ಬರೆದೆ. ಪ್ರಯೋಗ ಒಣ ಹವೆಯಲ್ಲಿ ನಡೆಯಿತು ಎಂದೂ ಬರೆದೆ. ಅಳತೆ ಮಾಡಿ ಬರೆದದ್ದಲ್ಲ, ಅಳೆಯಬೇಕು ಎಂದು ಅನ್ನಿಸಲೂ ಇಲ್ಲ. ಮಾನ್ವಿಯಲ್ಲಿ ಅಪ್ಪ ಒಗೆದು ಹಾಕಿದ ಮಡಿ ಪಂಚೆ ಅವರ ಸಂಧ್ಯಾವಂದನೆ ಮುಗಿಯುವಷ್ಟರಲ್ಲಿ ಹಪ್ಪಳದ ಹಾಗೆ ಒಣಗಿ ಗರಿಗರಿ ಆಗಿರುತ್ತದೆ. ಇಲ್ಲಿ ಹುಟ್ಟಿ ಬೆಳೆದವರಿಗೆ ಗಾಳಿಯಲ್ಲಿ ನೀರಿರುತ್ತದೆ ಎಂಬುದು ಪುಸ್ತಕದ ಮಾತು. ಕೊಡದಲ್ಲೇ ಇಲ್ಲದ್ದು ಗಾಳಿಯಲ್ಲಿ ಎಲ್ಲಿಂದ ಬರಬೇಕು.

ಮೇ ತಿಂಗಳ ಕೊನೆಯ ವಾರ ಮಾಬಮ್ಮ ನಾಲ್ಕು ದಿನ ರಜೆ ಹಾಕಿದರು. ದೇವದುರ್ಗದಲ್ಲಿ ಮಗಳಿಗೆ ಹೆರಿಗೆಯ ದಿನ ಹತ್ತಿರವಾಗಿತ್ತು. ಹೋಗುವ ಮೊದಲು ಹತ್ತು ಎಳೆಗಳಿಗೆ ಗುಂಡು ಕೂಡಿಸಿ, ಪೆಟ್ಟಿಗೆಯಲ್ಲಿ ಸಾಲಾಗಿ ಇಟ್ಟು ಹೋದರು. ತಟ್ಟಿಗೆ ನೀರು ಹಾಕಲು ಮರೆಯಬೇಡಿರಿ ಎಂದು ಬಾಗಿಲಲ್ಲಿ ಹೇಳಿದರು. ನಾನು ಮರೆತೆ. ಮೊದಲ ದಿನ ಹನ್ನೊಂದಕ್ಕೆಲ್ಲ ತಟ್ಟುಗಳು ಸೊಟ್ಟಗೆ ಒಣಗಿ ನಿಂತಿದ್ದವು. ಅವತ್ತು ಅಂಕಿ ನಾಲ್ಕರಲ್ಲಿ ಒಂದು ಪಾಲಿಗೆ ಇಳಿಯಿತು. ಎರಡನೇ ದಿನ ಚೆದುರಿತು, ಗುಂಡುಗಳು ಮತ್ತೆ ಸಿಡಿಯತೊಡಗಿದವು. ಎಳೆ ಬದಲಿಸಿದೆ. ಮಸೂರ ಒರೆಸಿದೆ. ಮೇಜಿನ ಕಾಲಿಗೆ ರಬ್ಬರು ಕೊಟ್ಟೆ. ಮೊಬೈಲಿನ ತಪ್ಪೋ ಎಂದು ತಂಗಿಯ ಮೊಬೈಲು ತಂದೆ. ಊಟ ಮಾಡಿದ ನೆನಪಿಲ್ಲ. ಸಂಜೆ ಬಸ್ಸಿನಲ್ಲಿ ಮಾನ್ವಿಯವರೆಗೂ ನಿಂತೇ ಹೋದೆ, ಸೀಟುಗಳು ಖಾಲಿ ಇದ್ದವು.

ಐದನೇ ದಿನ ಮಾಬಮ್ಮ ಬಂದರು. ಮೊಮ್ಮಗಳು ಹುಟ್ಟಿದ್ದಳು, ಡಬ್ಬಿಯಲ್ಲಿ ಖೋವಾ ತಂದಿದ್ದರು. ನಾನು ಒಂದು ತುಂಡು ಬಾಯಿಗೆ ಹಾಕಿ ತಿರುಗಿ ಸೂಕ್ಷ್ಮದರ್ಶಕಕ್ಕೆ ಕೂತೆ. ಅವರು ಎಂದಿನಂತೆ ತಟ್ಟುಗಳನ್ನು ಬಕೀಟಿನಲ್ಲಿ ಅದ್ದಿ ಕಟ್ಟಿದರು. ಅರ್ಧ ತಾಸಿಗೆ ಅಂಕಿ ಏರಿತು. ಒಂದು ತಾಸಿಗೆ ಹಳೆಯ ಜಾಗಕ್ಕೆ ಬಂದು ಕೂತಿತು. ನಾನು ಕಣ್ಣು ತೆಗೆದು ಸುತ್ತ ನೋಡಿದೆ, ಏನು ಬದಲಾಯಿತು ಎಂದು. ತಟ್ಟಿನ ತುದಿಯಿಂದ ನೀರಿನ ಹನಿ ಬಕೀಟಿಗೆ ಬಿತ್ತು. ಟಪ್ ಎಂದಿತು. ಸ್ವಲ್ಪ ಹೊತ್ತಿಗೆ ಇನ್ನೊಂದು.

ನಾನು ಎರಡು ತಿಂಗಳಿಂದ ಅಳೆದದ್ದು ಗುಂಡುಗಳ ಸೆಳೆತವನ್ನಲ್ಲ. ತಟ್ಟಿನಿಂದ ಗಾಳಿಗೆ ಏರಿದ ನೀರು ಎರಡು ಗುಂಡುಗಳ ನಡುವಿನ ಸಂದಿಯಲ್ಲಿ ಕೂತು ಅವನ್ನು ಹಿಡಿದಿತ್ತು. ಆ ನೀರನ್ನು ಅಳೆದು, ಅದಕ್ಕೆ ಬೇರೆ ಹೆಸರಿಟ್ಟು, ಊರಿಗೆಲ್ಲ ಹೇಳಿಸಿದ್ದೆ. ಪಕ್ಕದ ಪ್ರಯೋಗಾಲಯದ ಗೋಡೆಗೆ ಗಾಳಿಯ ತೇವ ಅಳೆಯುವ ಜೋಡಿ ಥರ್ಮಾಮೀಟರು ನೇತಾಡುತ್ತಿತ್ತು. ಪ್ರತಿ ವರ್ಷ ಹುಡುಗರಿಗೆ ಆ ಪ್ರಯೋಗ ಮಾಡಿಸುವವಳು ನಾನೇ. ಅದರ ಬತ್ತಿ ಅದ್ದುವ ಬಟ್ಟಲು ಒಣಗಿ, ಅದರಲ್ಲಿ ಜೇಡ ಬಲೆ ಕಟ್ಟಿತ್ತು.

ತಪ್ಪು ನನ್ನದು ಎಂದು ಆ ಕ್ಷಣಕ್ಕೇ ಗೊತ್ತಿತ್ತು. ಗೊತ್ತಿದ್ದೇ ಸಿಟ್ಟು ಬಂತು, ಬಂದ ಸಿಟ್ಟಿಗೆ ಎದುರಿಗೆ ಸಿಕ್ಕವರು ಮಾಬಮ್ಮ. ಅಲ್ಲಿಯವರೆಗೆ ಅವರನ್ನು ನೀವು ಎನ್ನುತ್ತಿದ್ದವಳು ಅವತ್ತು ಏಕವಚನಕ್ಕೆ ಇಳಿದೆ.

“ಯಾರು ಹೇಳಿದ್ರು ನಿನಗ ಈ ಹಾಳು ತಟ್ಟು ಕಟ್ಟಂತ? ನನ್ನ ಎಂಟು ವರ್ಷ ತಿಂದಿ ನೀ.”

ಬಾಗಿಲಲ್ಲಿ ಇಬ್ಬರು ಸಹೋದ್ಯೋಗಿಗಳು ನಿಂತು ನೋಡುತ್ತಿದ್ದರು. ಮಾಬಮ್ಮ ತಟ್ಟುಗಳನ್ನು ಬಿಚ್ಚಿದರು, ಬಕೀಟಿಗೆ ಹಿಂಡಿದರು, ನಾಲ್ಕು ಮಡಿಕೆ ಮಾಡಿ ಬಗಲಲ್ಲಿ ಇಟ್ಟುಕೊಂಡು ಹೊರಗೆ ಹೋದರು. ಖೋವಾದ ಡಬ್ಬಿ ಮೇಜಿನ ಮೇಲೆ ಉಳಿಯಿತು. ಮರುದಿನದಿಂದ ಅವರು ರಜೆಯಲ್ಲಿದ್ದರು. ಮಗಳ ಬಾಣಂತನ ಎಂದು ಅರ್ಜಿಯಲ್ಲಿ ಬರೆದಿತ್ತು.

ಗೈಡ್ ಸರ್‌ಗೆ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಅಷ್ಟರ ಮಟ್ಟಿಗೆ ನಾನು ಪ್ರಾಮಾಣಿಕಳು. ದಸರೆಗೆ ಇನ್ನು ನಾಲ್ಕು ತಿಂಗಳು, ಏನು ಮಾಡುತ್ತೀಯೋ ನೋಡು ಎಂದು ಇಟ್ಟುಬಿಟ್ಟರು. ಏನು ಮಾಡಬೇಕೆಂದು ನನಗೆ ತಿಳಿದಿತ್ತು. ನೀರು ಇದ್ದಾಗ ಎಷ್ಟು, ಇಲ್ಲದಾಗ ಎಷ್ಟು, ನಡುವೆ ಎಷ್ಟು ಎಂದು ಮೊದಲಿಂದ ಅಳೆದರೆ ಅದೇ ಒಂದು ಅಧ್ಯಾಯ. ಜೇಡವನ್ನು ಓಡಿಸಿ ಬಟ್ಟಲು ತುಂಬಿದೆ. ಆದರೆ ಗುಂಡು ಕೂಡಿಸುವವರು ಯಾರು? ನನ್ನ ರೆಪ್ಪೆಕೂದಲು ಕಿತ್ತು ಕಡ್ಡಿಗೆ ಅಂಟಿಸಿದೆ. ಉಸಿರು ಬಿಟ್ಟೆ, ಕೈ ಆಡಿಸಿದೆ. ಒಂದು ವಾರದಲ್ಲಿ ಹದಿನಾರು ಎಳೆ ಮುರಿದೆ, ಒಂದು ಗುಂಡೂ ಕೂಡಲಿಲ್ಲ. ಎಡಗಣ್ಣಿನ ರೆಪ್ಪೆ ಬೋಳಾಗುತ್ತ ಬಂತು. ಕಣ್ಣಿಗೆ ಏನಾಗಿದೆ ಎಂದು ಅಪ್ಪ ಕೇಳಿದರೆ ಧೂಳು ಎಂದೆ.

ಜೂನ್ ಎರಡನೇ ವಾರ, ಮಿರಗದ ಮಳೆ ಹುಟ್ಟಿದ ಮೇಲೆ, ದೇವದುರ್ಗದ ಬಸ್ಸು ಹತ್ತಿದೆ. ಹೋಗಿ ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡೆ. ಮಸರಕಲ್ ಬರುವ ಹೊತ್ತಿಗೆ ಅದು ಕ್ಷಮೆಯಾಗಿತ್ತು, ದಾಟುವ ಹೊತ್ತಿಗೆ ವಿವರಣೆಯಾಗಿತ್ತು, ಬಸ್ ಸ್ಟ್ಯಾಂಡಿನಲ್ಲಿ ಇಳಿಯುವಾಗ ಬರೀ ಅಂಜಿಕೆ. ಹೊಲಗಳಲ್ಲಿ ಒಂದು ಮಳೆ ಬಿದ್ದು ಎರೆಮಣ್ಣು ಕಪ್ಪಾಗಿತ್ತು. ಕೇಳುತ್ತ ಕೇಳುತ್ತ ಮಗಳ ಮನೆ ಮುಟ್ಟುವಷ್ಟರಲ್ಲಿ ಚಪ್ಪಲಿಗೆ ಸೇರು ಸೇರು ಮಣ್ಣು ಮೆತ್ತಿತ್ತು. ಅಂಗಳದ ಕಲ್ಲಿಗೆ ಚಪ್ಪಲಿ ಕೆರೆಯುತ್ತ ನಿಂತಾಗ, ಒಣಗಿದ್ದರೆ ಗಾಳಿಗೆ ಹಾರುವ ಮಣ್ಣು ಇದೇ ಅಲ್ಲವೇ ಎಂದು ಹೊಳೆದು, ನನ್ನ ಮೇಲೆ ನನಗೇ ನಗು ಬಂತು.

ಪಡಸಾಲೆಯ ಬಾಗಿಲಿಗೆ ತೋಯಿಸಿದ ಗೋಣಿತಟ್ಟು ಕಟ್ಟಿತ್ತು. ಒಳಗೆ ಮಾಬಮ್ಮ ಕಲ್ಲಿನ ಮುಂದೆ ಕೂತು ಸುರ್ಮಾ ಅರೆಯುತ್ತಿದ್ದರು. ಕಾಲು ಚಾಚಿದ್ದರು, ಮೊಮ್ಮಗಳು ಕಾಲ ಮೇಲೆ ಮಲಗಿದ್ದಳು, ಕೈ ಮಾತ್ರ ಆಡುತ್ತಿತ್ತು. ಬರ್ರಿ ಎಂದರು, ಒಳಗೆ ಯಾರಿಗೋ ಚಹಾ ಇಡಲು ಕೂಗಿ ಹೇಳಿದರು. ಜೋಡಿಸಿಕೊಂಡು ಬಂದದ್ದೆಲ್ಲ ಬಿಟ್ಟು ನಾನು ಬಾಗಿಲ ಕಡೆ ಕೈ ತೋರಿಸಿದೆ. ಮಳೆ ಬಂದು ತಂಪಾಗಿದೆಯಲ್ಲ, ಈಗ ಇದು ಯಾಕೆ ಎಂದು ಕೇಳಿದೆ.

“ತಂಪಿಗೆ ಅಲ್ರೀ ಅದು,” ಎಂದರು. “ಒಂದು ಮಳಿಗೆ ಗಾಳಿ ತೋಯಂಗಿಲ್ಲ. ಒಣಾ ಗಾಳ್ಯಾಗ ಸುರ್ಮಾ ಅರಿಯಾಕ ಬರಂಗಿಲ್ಲ. ಪುಡಿ ಕಲ್ಲು ಬಿಟ್ಟು ಜಿಗಿತದ, ಒಂದಕ್ಕೊಂದು ಹತ್ತಂಗಿಲ್ಲ. ತಟ್ಟು ತೋಯ್ಸಿ ಕಟ್ಟಿದ್ರ ಸುಮ್ಮ ಕುಂದರ್ತದ. ನಮ್ಮ ಅಮ್ಮೀನೂ ಹಿಂಗ ಮಾಡ್ತಿದ್ಲು. ನಿಮ್ಮ ಗುಂಡೂ ಹಂಗ ಜಿಗ್ಯಾಕತ್ತಿದ್ದವು, ಅದಕ್ಕ ಕಟ್ಟಿದ್ದೆ. ಹೇಳಾಕ ಬಂದೆ, ನೀವು ಕೇಳ್ಲಿಲ್ಲ.”

“ನನಗ ಸೆಕಿ ಆಗ್ತದಂತ ಕಟ್ಟಿದ್ರಿ ಅಂದ್ಕೊಂಡಿದ್ದೆ.”

“ಸೆಕಿ ಎಲ್ಲಾರಿಗೂ ಆಗ್ತದ್ರೀ,” ಎಂದರು ಮಾಬಮ್ಮ. ಕಲ್ಲು ನಿಲ್ಲಲಿಲ್ಲ.

ಎಂಟು ವರ್ಷ ಓದಿ, ಎರಡು ತಿಂಗಳು ತಪ್ಪು ಅಳೆದು, ನಾಲ್ಕು ದಿನ ಒದ್ದಾಡಿ ನಾನು ಕಂಡದ್ದನ್ನು ಇವರು ಯುಗಾದಿಯ ವಾರವೇ ಕಿಟಕಿಗೆ ಕಟ್ಟಿದ್ದರು. ನಾನು ಅದನ್ನು ದಯೆ ಎಂದು ತಿಳಿದೆ, ಆಮೇಲೆ ಅಪರಾಧ ಎಂದು ತಿಳಿದೆ. ತಿಳುವಳಿಕೆ ಎಂದು ಮಾತ್ರ ತಿಳಿಯಲಿಲ್ಲ. ಅಳು ಬಂತು. ಚಹಾ ಬಿಸಿಯಿದೆ ಎಂಬ ನೆವದಲ್ಲಿ ಕಣ್ಣು ಒರೆಸಿಕೊಂಡೆ. ಅವತ್ತು ನಾನು ಹಾಗೆ ಮಾತಾಡಬಾರದಿತ್ತು ಎಂದೆ. ಅವರು ನನ್ನ ಮುಖ ನೋಡಿದರು, ಬೋಳು ರೆಪ್ಪೆಯ ಮೇಲೆ ಕಣ್ಣು ನಿಂತಿತು. ಎಷ್ಟು ಮುರಿದಿರಿ ಎಂದು ಕೇಳಿದರು. ಹದಿನಾರು ಎಂದೆ. ಮಾಬಮ್ಮ ಮೊದಲ ಸಲ ಜೋರಾಗಿ ನಕ್ಕರು, ಕಾಲ ಮೇಲಿನ ಕೂಸು ಬೆಚ್ಚಿ ಎದ್ದಿತು.

ಸೋಮವಾರ ಅವರು ಕೆಲಸಕ್ಕೆ ಬಂದರು. ಆಮೇಲಿನ ಮೂರು ತಿಂಗಳು ಹೇಗೆ ಹೋದವೋ ಗೊತ್ತಿಲ್ಲ. ಒಂದು ದಿನ ತಟ್ಟು ತೋಯಿಸಿ, ಒಂದು ದಿನ ಬಿಚ್ಚಿ, ಒಂದು ದಿನ ಅರ್ಧ ಹಿಂಡಿ. ಹೊರಗಿನ ಗಾಳಿಯೂ ಒಂದು ದಿನ ಇದ್ದಂತೆ ಇನ್ನೊಂದು ದಿನ ಇರಲಿಲ್ಲ. ಮಳೆ ಹಿಡಿದ ದಿನ ನಾನು ಇದ್ದಿಲಿನ ಒಲೆ ತಂದು ಕೋಣೆ ಒಣಗಿಸಿದರೆ, ಹೊಗೆ ಗುಂಡಿಗೆ ಹತ್ತುತ್ತದೆ ಎಂದು ಮಾಬಮ್ಮ ಅದನ್ನು ಹೊರಗಿಟ್ಟರು. ಸುಣ್ಣದ ಹರಳು ತುಂಬಿದ ಪರಾತಗಳನ್ನು ಮೇಜಿನ ಕೆಳಗೆ ಇಟ್ಟರೆ ಗಾಳಿಯ ನೀರು ಹೀರುತ್ತದೆ ಎಂದು ತೋರಿಸಿಕೊಟ್ಟರು. “ಈಗ ನೀರು ಹಾಕು ಅಂತೀರೇನು, ತಗೀ ಅಂತೀರೇನು, ಒಂದು ಹೇಳ್ರಿ,” ಎಂದು ಗೊಣಗುತ್ತಲೇ ಗೋಡೆಯ ಜೋಡಿ ಥರ್ಮಾಮೀಟರು ಓದಲು ಕಲಿತರು. ನಾನು ಕೂಗಿ ಕೇಳುವ ಮೊದಲು ಅಂಕಿ ಹೇಳುತ್ತಿದ್ದರು. ನಾನು ಕೂಡ ಒಂದಿಷ್ಟು ಕೂಡಲು ಕಲಿತೆ. ಪೂರ್ತಿ ಕಲಿತೆ ಎಂದರೆ ಸುಳ್ಳಾಗುತ್ತದೆ. ದಸರೆಗೆ ಆರು ದಿನ ಮೊದಲು ಪ್ರಬಂಧ ಒಪ್ಪಿಸಿದೆ.

ಕತೆ ಇಲ್ಲಿಗೆ ಮುಗಿದಿದ್ದರೆ ನಾನು ಕಬ್ಬಿನ ಹಾಲನ್ನು ಪೂರ್ತಿ ಕುಡಿಯುತ್ತಿದ್ದೆ.

ಸಂಕ್ರಾಂತಿ ಕಳೆದು ಮೌಖಿಕ ಪರೀಕ್ಷೆ ಬಂತು. ಪರೀಕ್ಷಕರಿಗೆ ನಮ್ಮ ಸಾಧನವನ್ನು ಕಣ್ಣಾರೆ ನೋಡುವ ಆಸೆ ಇತ್ತು, ಹಾಗಾಗಿ ನಮ್ಮ ಕಾಲೇಜಿನ ಸಭಾಂಗಣದಲ್ಲೇ ಏರ್ಪಾಡಾಯಿತು. ಪ್ರಾಂಶುಪಾಲರು, ಗೈಡ್ ಸರ್, ಸಹೋದ್ಯೋಗಿಗಳು ಮುಂದಿನ ಸಾಲಿನಲ್ಲಿ. ಮಾನ್ವಿಯಿಂದ ಅಪ್ಪ ಜರಿ ಶಲ್ಯ ಹೊದ್ದು ಬಂದಿದ್ದರು. ಬಾಗಿಲ ಹತ್ತಿರ ಮಾಬಮ್ಮ ಚಹಾದ ತಟ್ಟೆ ಹಿಡಿದು ನಿಂತಿದ್ದರು. ಮಾತೆಲ್ಲ ಇಂಗ್ಲಿಷಿನಲ್ಲಿ. ಪರೀಕ್ಷಕರು ಕೇಳುತ್ತಾ ಹೋದರು, ನಾನು ಹೇಳುತ್ತಾ ಹೋದೆ. ಕೊನೆಗೆ ಅವರು ಕನ್ನಡಕ ತೆಗೆದು, ಇದು ಪರೀಕ್ಷೆಯ ಪ್ರಶ್ನೆ ಅಲ್ಲ, ಸುಮ್ಮನೆ ಕುತೂಹಲ ಎಂದು ನಕ್ಕರು. ಇಷ್ಟು ಒಣ ಊರಿನಲ್ಲಿ ಕೂತು ನೀರಿನ ಮೇಲೆ ಸಂಶಯ ಬಂದದ್ದು ಹೇಗೆ ಎಂದು ಕೇಳಿದರು.

ನಾನು ಸುಮ್ಮನಾದೆ. ಎಷ್ಟು ಹೊತ್ತೋ, ಒಂದು ಉಸಿರು ಬಿಟ್ಟು ಇನ್ನೊಂದು ತೆಗೆದುಕೊಳ್ಳುವಷ್ಟು. ಬಾಗಿಲ ಕಡೆ ಕೈ ತೋರಿಸಿದರೆ ಸಾಕಿತ್ತು. ಎಂಟು ವರ್ಷದ ದಣಿವು ಇತ್ತು, ಅಪ್ಪನ ಶಲ್ಯ ಇತ್ತು, ಗೈಡ್ ಸರ್ ಮುಖದಲ್ಲಿ ಆ ‘ಭೇಷ್’ ಮತ್ತೆ ಮೂಡಿತ್ತು. ಇದೊಂದಾದರೂ ನನ್ನದಾಗಿರಲಿ ಎನ್ನಿಸಿತು. ಅಂಕಿಗಳ ಏರಿಳಿತವನ್ನು ಗಮನಿಸುತ್ತಿದ್ದಾಗ ನನಗೆ ಹೊಳೆಯಿತು ಎಂದೆ. ಚಪ್ಪಾಳೆ ತಟ್ಟಿದರು. ಪ್ರಬಂಧದ ಕೃತಜ್ಞತೆಯ ಪುಟದಲ್ಲಿ ಹದಿಮೂರು ಹೆಸರುಗಳಿದ್ದವು. ಮಾಬಮ್ಮನ ಹೆಸರು ಅಲ್ಲೂ ಇರಲಿಲ್ಲ. ಸಹಕರಿಸಿದ ಸಿಬ್ಬಂದಿಗೆ ಎಂದು ಕೊನೆಯಲ್ಲಿ ಒಂದು ಸಾಲು ಇತ್ತು.

ಎಲ್ಲರೂ ಊಟಕ್ಕೆ ಹೋದ ಮೇಲೆ ಮಾಬಮ್ಮ ಕಪ್ಪುಗಳನ್ನು ಎತ್ತುತ್ತಾ ಕೇಳಿದರು. “ಕೊನಿಗೆ ಆ ಸರ್ ಏನೋ ಕೇಳಿದ್ರು, ನೀವು ಗಪ್ ಆದ್ರಿ. ಏನ್ ಕೇಳಿದ್ರೀ?”

ನೀರಿನ ಬಗ್ಗೆ ಕೇಳಿದರು ಎಂದೆ.

“ತಟ್ಟಿನ ಮಾತು ಹೇಳಿದ್ರಿಲ್ಲೋ ಮತ್ತ?”

“ಹೇಳಿದೆ,” ಎಂದೆ.

ಅವರು ತಲೆಯಾಡಿಸಿ ಕಪ್ಪುಗಳನ್ನು ತೊಳೆಯಲು ಒಯ್ದರು. ಆ ಮೇ ತಿಂಗಳು ನಿವೃತ್ತರಾದರು. ಬೀಳ್ಕೊಡುಗೆಯಲ್ಲಿ ನಾನೇ ಹಾರ ಹಾಕಿ, ನಾಲ್ಕು ಒಳ್ಳೆಯ ಮಾತು ಆಡಿದೆ. ಆ ನಾಲ್ಕರಲ್ಲೂ ತಟ್ಟು ಇರಲಿಲ್ಲ. ಆಮೇಲೆ ಬಜಾರಿನ ಆ ಬೀದಿಗೆ ಹೋಗುವುದನ್ನೇ ಬಿಟ್ಟೆ. ಸುತ್ತು ಹಾಕಿಕೊಂಡು ಬೇರೆ ದಾರಿಯಲ್ಲಿ ಬಸ್ ಸ್ಟ್ಯಾಂಡಿಗೆ ನಡೆಯುತ್ತಿದ್ದೆ, ಐದು ವರ್ಷ.

ಈ ಏಪ್ರಿಲ್ ಮಧ್ಯಾಹ್ನ ಕಾಲು ಸುತ್ತು ಹಾಕಲಿಲ್ಲ, ನೆಟ್ಟಗೆ ಆ ಬೀದಿಗೆ ಹೊಕ್ಕಿತು. ಅಂಗಡಿ ಅಲ್ಲೇ ಇತ್ತು, ಮುಂದೆ ತೋಯಿಸಿದ ಗೋಣಿತಟ್ಟು ಇಳಿಬಿಟ್ಟಿತ್ತು. ಎತ್ತಿ ಒಳಗೆ ಹೋದೆ. ಮಾಬಮ್ಮ ಸೊರಗಿದ್ದರು, ನನ್ನನ್ನು ನೋಡಿ ಬರ್ರಿ ಮೇಡಮ್ರೀ, ದಾರಿ ತಪ್ಪಿ ಬಂದ್ರೇನು ಎಂದರು. ಮುಂದಿನ ಮಣೆ ತೋರಿಸಿದರು. ನಾನು ಕೂತ ತಕ್ಷಣ ಮಾತು ಶುರು ಮಾಡಿದೆ. ಅವರು ಗದ್ದ ಹಿಡಿದು ಮುಖ ಮೇಲೆತ್ತಿ, ಕಣ್ಣು ಆಡಿಸಬ್ಯಾಡ್ರಿ ಎಂದು ಕಡ್ಡಿ ತೆಗೆದರು. ಅವರ ಕೈ ಈಗಲೂ ನಡುಗುವುದಿಲ್ಲ. ಎರಡು ಕಣ್ಣಿಗೂ ಸುರ್ಮಾ ಹಚ್ಚುವವರೆಗೆ ನಾನು ಅಲುಗದೆ ಕೂತೆ. ನನ್ನ ಜೀವಮಾನದಲ್ಲಿ ಅಷ್ಟು ಹೊತ್ತು ಅಲುಗದೆ ಕೂತದ್ದು ಅದೇ ಮೊದಲು.

ತಣ್ಣಗಿನ ಉರಿ ಇಳಿದ ಮೇಲೆ ಹೇಳಿದೆ.

“ಅವತ್ತು ನಾ ತಟ್ಟಿನ ಮಾತು ಹೇಳಿರ್ಲಿಲ್ಲ ಮಾಬಮ್ಮ. ಹೇಳಿದೆ ಅಂತ ನಿಮಗ ಸುಳ್ಳು ಹೇಳಿದೆ.”

ಅವರು ಕಡ್ಡಿಯನ್ನು ಬಟ್ಟೆಗೆ ಒರೆಸಿ ಡಬ್ಬಿಯಲ್ಲಿ ಇಟ್ಟರು, ಮುಚ್ಚಳ ಹಾಕಿದರು.

“ಗೊತ್ತದ್ರೀ,” ಎಂದರು. “ನೀವು ಹೇಳಿದ್ರ ಅಷ್ಟೂ ಮಂದಿ ಹೊಳ್ಳಿ ನನ್ನ ಕಡಿ ನೋಡ್ತಿದ್ರು. ಯಾರೂ ನೋಡ್ಲಿಲ್ಲ.”

ಹೊರಗೆ ಬಿಸಿಲಿಗೆ ತಟ್ಟು ಆಗಲೇ ಒಣಗತೊಡಗಿತ್ತು. ಮಾಬಮ್ಮ ಏಳಲು ಹೊರಟಾಗ ನಾನು ಮೊದಲು ಎದ್ದು, ಬಕೀಟಿನಿಂದ ನೀರು ತೆಗೆದು ಅದರ ಮೇಲೆ ಸುರಿದೆ.